ಬರೆದು ಕಳಿಸಿ ಎಂದಿದ್ದೆ

ನಮ್ಮೂರಿನ ಕಡೆ ವಕೀಲ ಅಂದರೆ ಕೋರ್ಟು, ಕರಿ ಕೋಟು, ವಾಯಿದೆ. ನನ್ನ ಕೆಲಸದಲ್ಲಿ ಈ ಮೂರೂ ಕಡಿಮೆ. ದೆಹಲಿಯ ಒಂದು ದೊಡ್ಡ ಲಾ ಫರ್ಮಿನ ಸ್ಪರ್ಧಾ ಕಾನೂನು ವಿಭಾಗದಲ್ಲಿ ಬಹಳ ವರ್ಷ ದುಡಿದವನು ನಾನು. ಒಂದು ದೊಡ್ಡ ಕಂಪನಿ ಇನ್ನೊಂದನ್ನು ಕೊಳ್ಳುವಾಗ ಭಾರತೀಯ ಸ್ಪರ್ಧಾ ಆಯೋಗದ ಒಪ್ಪಿಗೆ ಬೇಕಾಗುತ್ತದೆ. ಆ ಅರ್ಜಿ ತಯಾರಿಸುವುದು ನಮ್ಮ ಒಂದು ಕೆಲಸ. ಮಾರುಕಟ್ಟೆಯಲ್ಲಿ ಬಲಾಢ್ಯರಾದವರು ಆ ಬಲವನ್ನು ದುರುಪಯೋಗ ಮಾಡಿಕೊಂಡರು ಎಂಬ ದೂರು ಬಂದಾಗ ಆಯೋಗದ ಮುಂದೆ ವಾದಿಸುವುದು ಇನ್ನೊಂದು. ಮೂರನೆಯದು ಕಾರ್ಟೆಲ್. ಒಬ್ಬರಿಗೊಬ್ಬರು ಎದುರಾಳಿಗಳಾಗಿರಬೇಕಾದ ಕಂಪನಿಗಳು ಒಳಗೊಳಗೇ ಕೈ ಜೋಡಿಸಿ ದರ ಗೊತ್ತುಮಾಡಿದರೆ, ಊರುಗಳನ್ನು ಹಂಚಿಕೊಂಡರೆ, ಟೆಂಡರಿನಲ್ಲಿ ಹೊಂದಾಣಿಕೆ ಮಾಡಿಕೊಂಡರೆ ಅದು ಕಾರ್ಟೆಲ್. ನಾನು ಸೋತದ್ದು ಈ ಮೂರನೆಯ ಕೆಲಸದಲ್ಲಿ.

ಯಾವ ಕಂಪನಿ, ಯಾವ ಸರಕು, ಯಾವ ಊರು ಎಂದು ಹೇಳಲಾರೆ. ಕಕ್ಷಿದಾರರ ಗುಟ್ಟು ವಕೀಲನ ಜೊತೆಗೇ ಮುಗಿಯಬೇಕು. ಆದರೆ ಆ ಪ್ರಕರಣದಲ್ಲಿ ನಾನು ಮಾಡಿದ ಕೆಲಸ ನನ್ನದೇ. ಅದನ್ನು ಹೇಳಬಹುದು, ಹೇಳಬೇಕು ಎಂದೂ ಈಗ ಅನ್ನಿಸುತ್ತಿದೆ.

ಮೊದಲು ಕಾನೂನಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಸ್ಪರ್ಧಾ ಕಾಯ್ದೆ 2002ರದು. ಕಾರ್ಟೆಲ್‌ಗಳನ್ನು ತಡೆಯುವ ಅದರ ಕಲಮುಗಳು ಜಾರಿಗೆ ಬಂದದ್ದು 2009ರ ಮೇ ತಿಂಗಳಲ್ಲಿ. ಆ ಕಾಯ್ದೆಯಲ್ಲಿ ‘ಒಪ್ಪಂದ’ ಎಂದರೇನು ಎಂದು ಹೇಳುವ ಭಾಗ ನನಗೆ ಬಾಯಿಪಾಠವಾಗಿತ್ತು. ಸಹಿ ಹಾಕಿದ ಕಾಗದವೇ ಬೇಕೆಂದಿಲ್ಲ. ಬರೆದಿರಬೇಕೆಂದೂ ಇಲ್ಲ. ಒಂದು ಹೊಂದಾಣಿಕೆ, ಒಬ್ಬರಿಗೊಬ್ಬರು ಅರ್ಥಮಾಡಿಕೊಂಡು ನಡೆಯುವುದು, ಒಟ್ಟಾಗಿ ಹೆಜ್ಜೆ ಇಡುವುದು, ಇವೆಲ್ಲ ಒಪ್ಪಂದವೇ. ಸಂಸತ್ತು ಇದನ್ನು ಬೇಕೆಂದೇ ಹೀಗೆ ಬರೆದಿದೆ. ಕಾರ್ಟೆಲ್ ಮಾಡುವವರು ಕರಾರುಪತ್ರ ಬರೆದುಕೊಳ್ಳುವುದಿಲ್ಲ. ಊಟಕ್ಕೆ ಕೂರುತ್ತಾರೆ, ಮಾತಾಡುತ್ತಾರೆ, ಎದ್ದು ಹೋಗುತ್ತಾರೆ. 2012ರಲ್ಲಿ ಆಯೋಗ ಸಿಮೆಂಟ್ ಕಂಪನಿಗಳಿಗೆ ಒಟ್ಟು ಸುಮಾರು 6,300 ಕೋಟಿ ರೂಪಾಯಿ ದಂಡ ಹಾಕಿದಾಗ, ಆ ಕಂಪನಿಗಳು ತಮ್ಮ ಸಂಘದ ಸಭೆಗಳಲ್ಲಿ ಕೂಡುತ್ತಿದ್ದುದೂ ಮುಖ್ಯ ಸಂಗತಿಯಾಗಿತ್ತು. ಆ ಆದೇಶ ಮೇಲ್ಮನವಿಯಲ್ಲಿ ಬಿದ್ದು, 2016ರಲ್ಲಿ ಆಯೋಗ ಮತ್ತೆ ದಂಡ ಹಾಕಿ, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಇಂಥ ಗುಟ್ಟಿನ ಕೂಟವನ್ನು ಹೊರಗಿನವರು ಒಡೆಯುವುದು ಕಷ್ಟ. ಅದಕ್ಕೇ ಕಾನೂನು ಒಳಗಿನವರಿಗೆ ಒಂದು ದಾರಿ ಇಟ್ಟಿದೆ. ಕಾರ್ಟೆಲ್‌ನಲ್ಲಿ ಇದ್ದ ಕಂಪನಿಯೇ ಆಯೋಗದ ಹತ್ತಿರ ಬಂದು ಎಲ್ಲವನ್ನೂ ಹೇಳಿಬಿಟ್ಟರೆ ದಂಡದಲ್ಲಿ ರಿಯಾಯಿತಿ. ನಮ್ಮ ಕಚೇರಿ ಮಾತಿನಲ್ಲಿ ಇದು ಲೀನಿಯೆನ್ಸಿ. ಮೊದಲು ಬಂದವರಿಗೆ ನೂರಕ್ಕೆ ನೂರರವರೆಗೆ ಮಾಫಿ ಸಿಗಬಹುದು. ಎರಡನೆಯವರಿಗೆ 50ರವರೆಗೆ, ಆಮೇಲಿನವರಿಗೆ 30ರವರೆಗೆ. ಆದ್ದರಿಂದ ಯಾರು ಮೊದಲು ಎನ್ನುವುದರ ಮೇಲೇ ಎಲ್ಲ ನಿಂತಿದೆ. ಪೂರ್ತಿ ಅರ್ಜಿ ಸಿದ್ಧವಾಗುವ ಮೊದಲೇ ಫೋನಿನಲ್ಲೋ ಇಮೇಲಿನಲ್ಲೋ ಆಯೋಗಕ್ಕೆ ತಿಳಿಸಿ ಸರದಿ ಕಾದಿರಿಸಿಕೊಳ್ಳಬಹುದು. ಅದಕ್ಕೆ ಮಾರ್ಕರ್ ಎನ್ನುತ್ತಾರೆ. ಕಿಟಕಿಯಿಂದ ಬಸ್ಸಿನ ಸೀಟಿನ ಮೇಲೆ ಕರವಸ್ತ್ರ ಎಸೆದು ಜಾಗ ಹಿಡಿದ ಹಾಗೆ. ಹತ್ತಿ ಕೂರುವುದು ಆಮೇಲೆ; ಮೊದಲು ಕರವಸ್ತ್ರ ಬೀಳಬೇಕು.

ಭಾರತದಲ್ಲಿ ಲೀನಿಯೆನ್ಸಿಯ ಮೊದಲ ಆದೇಶ ಬಂದದ್ದು 2017ರ ಜನವರಿಯಲ್ಲಿ, ರೈಲ್ವೆಗೆ ಫ್ಯಾನು ಪೂರೈಸುವ ಟೆಂಡರಿನ ಪ್ರಕರಣದಲ್ಲಿ. ಅದಕ್ಕೂ ಮೊದಲು, 2014ರಲ್ಲಿ, ಆಯೋಗದ ಅಧಿಕಾರಿಗಳು ಮೊದಲ ಬಾರಿಗೆ ಒಂದು ಕಂಪನಿಯ ಕಚೇರಿಯಲ್ಲಿ ಶೋಧ ನಡೆಸಿದ್ದರು. ಇವೆರಡರಿಂದ ದೊಡ್ಡ ಕಂಪನಿಗಳು ಎಚ್ಚೆತ್ತುಕೊಂಡವು. ‘ನಮ್ಮ ಸೇಲ್ಸ್‌ನವರಿಗೆ ಟ್ರೈನಿಂಗ್ ಕೊಡಿ’ ಎಂಬ ಕರೆ ಫರ್ಮಿಗೆ ಮೇಲಿಂದ ಮೇಲೆ ಬರತೊಡಗಿತು. ನಾನು ಆಗ ಸೀನಿಯರ್ ಅಸೋಸಿಯೇಟ್. ಟ್ರೈನಿಂಗ್ ನನ್ನ ಪಾಲಿಗೆ ಬಂತು. ನಮ್ಮ ಒಬ್ಬ ಕಕ್ಷಿದಾರರಿಗೆ ಕರ್ನಾಟಕದಲ್ಲಿ ಶಾಖೆಗಳಿದ್ದುದರಿಂದ, ಕನ್ನಡ ಬಲ್ಲವನು ಎಂದು ನನ್ನನ್ನೇ ಕಳಿಸಿದರು.

ಉತ್ತರ ಕರ್ನಾಟಕದ ಒಂದು ಊರಿನ ಹೋಟೆಲಿನ ಹಾಲ್. ಸುತ್ತಲಿನ ಜಿಲ್ಲೆಗಳ ಸೇಲ್ಸ್ ಸಿಬ್ಬಂದಿ ಎಲ್ಲ ಬಂದಿದ್ದರು. ಮುಂದಿನ ಸಾಲಿನಲ್ಲಿ ರೀಜನಲ್ ಹೆಡ್, ಅವರ ಪಕ್ಕದಲ್ಲಿ ಮುಂಬೈಯಿಂದ ಬಂದ ಎಚ್.ಆರ್. ಅಧಿಕಾರಿ. ಕನ್ನಡ ಬಲ್ಲವನು ಎಂದು ಕಳಿಸಿದ್ದರೂ ನನ್ನ ಸ್ಲೈಡುಗಳೆಲ್ಲ ಇಂಗ್ಲಿಷಿನವು. ಮಾತೂ ಇಂಗ್ಲಿಷಿನಲ್ಲೇ ಶುರುವಾಯಿತು. ಮುಂಬೈಯವರಿಗೆ ತಿಳಿಯಬೇಕಲ್ಲ ಎಂಬುದು ನಾನು ನನಗೆ ಹೇಳಿಕೊಂಡ ಕಾರಣ. ನಿಜ ಹೇಳಬೇಕೆಂದರೆ, ದೆಹಲಿಯಿಂದ ಬಂದ ವಕೀಲ ಎಂಬ ಗತ್ತು ನನಗೆ ಇಂಗ್ಲಿಷಿನಲ್ಲೇ ಸಲೀಸಾಗಿ ಬರುತ್ತಿತ್ತು. ಎದುರಾಳಿ ಕಂಪನಿಯವರ ಜೊತೆ ದರದ ಮಾತು ಬೇಡ. ವಾಟ್ಸಾಪ್ ಗುಂಪುಗಳಲ್ಲಿ ಎಚ್ಚರ. ಅಧಿಕಾರಿಗಳು ಶೋಧಕ್ಕೆ ಬಂದರೆ ಯಾವ ಕಡತವನ್ನೂ ಅಳಿಸಬೇಡಿ. ಒಂದಾದ ಮೇಲೊಂದು ಸ್ಲೈಡು ಹೋಯಿತು. ಹಿಂದಿನ ಸಾಲುಗಳಲ್ಲಿ ಕೆಲವರು ಬರೆದುಕೊಳ್ಳುತ್ತಿದ್ದರು, ಕೆಲವರು ಫೋನಿನಲ್ಲಿ ಆರ್ಡರ್ ನೋಡುತ್ತಿದ್ದರು.

ಒಂದೇ ಒಂದು ಸ್ಲೈಡಿಗೆ ಹಾಲ್ ತಲೆ ಎತ್ತಿತು. ಅದು ಡಬ್ಬಿಂಗ್ ಪ್ರಕರಣ. ಕನ್ನಡಕ್ಕೆ ಬೇರೆ ಭಾಷೆಯ ಸಿನಿಮಾ, ಧಾರಾವಾಹಿ ಡಬ್ ಮಾಡಬಾರದು ಎಂಬ ಕಟ್ಟಳೆ ದಶಕಗಳಿಂದ ನಡೆದುಬಂದಿತ್ತು. ಹಾಗೆಂದು ಯಾವ ಕಾಯ್ದೆಯಲ್ಲೂ ಬರೆದಿರಲಿಲ್ಲ. ಉದ್ಯಮದ ಸಂಘಗಳು ಒಟ್ಟಾಗಿ ನಿಂತು ಅದನ್ನು ಕಾಯುತ್ತಿದ್ದವು. ಕನ್ನಡ ಗ್ರಾಹಕರ ಕೂಟ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ಇನ್ನೂ ಕೆಲವು ಸಂಘಗಳಿಗೂ ದಂಡ ಹಾಕಿತು. ಈ ಕಥೆಯನ್ನು ನಾನು ಕನ್ನಡದಲ್ಲಿ ಹೇಳಿದೆ. ಎಲ್ಲರಿಗೂ ಗೊತ್ತಿದ್ದ ವಿಷಯ, ಎಲ್ಲರಿಗೂ ಅದರ ಬಗ್ಗೆ ಒಂದು ಅಭಿಪ್ರಾಯ. ‘ಸಂಘ ಅಂತ ಇದ್ದ ಮೇಲೆ ತಮ್ಮವರನ್ನ ಕಾಯೋದು ತಪ್ಪಾ?’ ಎಂದು ಒಬ್ಬರು ಕೇಳಿದರು. ‘ಸಂಘ ಇರೋದು ತಪ್ಪಲ್ಲ, ಸಂಘದ ಒಳಗೆ ಕೂತು ಮಾರುಕಟ್ಟೆಯ ಬಾಗಿಲು ಹಾಕೋದು ತಪ್ಪು’ ಎಂದೆ. ಬರೆದಿಡದ ಮಾತೂ ಒಪ್ಪಂದವೇ ಎಂದು ಒತ್ತಿ ಹೇಳಿದೆ. ಚೆನ್ನಾಗಿ ಹೇಳಿದೆ ಎಂಬ ಸಮಾಧಾನದಲ್ಲಿ ಚಹಾಕ್ಕೆ ಎದ್ದೆ.

ಚಹಾದ ಮೇಜಿನ ಹತ್ತಿರ ಒಬ್ಬರು ಬಂದು ನಿಂತರು. ನನಗಿಂತ ಬಹಳ ಹಿರಿಯರು. ಮಾರಾಟದ ಕೆಲಸದಲ್ಲೇ ತಲೆ ನೆರೆತವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಒಂದು ಕಪ್ ನನಗೆ ಕೊಟ್ಟು, ರೀಜನಲ್ ಹೆಡ್ ಎಲ್ಲಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದರು: ‘ಸಾಹೇಬ್ರ, ಒಂದ ಮಾತ ಕೇಳೂದಿತ್ರಿ. ಆ ಸಿನಿಮಾದವರ ಸಂಘ ಮಾಡಿದ್ದು ತಪ್ಪಾತಂದ್ರ, ನಮ್ಮ ಸಂಘದಾಗ ನಾವು ಮಾಡೂದು ಏನಾಕ್ಕೈತ್ರಿ?’

‘ಏನ್ ಮಾಡ್ತೀರಿ?’ ಎಂದೆ.

‘ಏನೂ ಮಾಡಂಗಿಲ್ರಿ. ತಿಂಗಳಿಗೊಮ್ಮೆ ಊಟಕ್ಕ ಕೂಡ್ತೀವಿ. ಎಲ್ಲಾ ಕಂಪನಿಯವರೂ ಇರ್ತಾರ. ರೇಟಿನ ಮಾತ ಯಾರೂ ಎತ್ತಂಗಿಲ್ಲ. ಮುಂದಿನ ತಿಂಗಳ ಗಾಳಿ ಹೆಂಗೈತಿ ಅಂತ ಒಬ್ರು ಕೇಳ್ತಾರ. ಮ್ಯಾಲ ಐತಿ ಅಂತ ಒಬ್ರು ಅಂತಾರ. ಅಷ್ಟರಾಗ ತಿಳೀತೈತ್ರಿ.’

ಕೆಳಗೆ ಕಾರು ಬಂದು ನಿಂತಿತ್ತು. ಸಂಜೆಯ ವಿಮಾನ ಹಿಡಿಯಬೇಕಿತ್ತು. ಮರುದಿನ ಒಂದು ವಿಲೀನದ ಅರ್ಜಿಯ ಕೆಲಸ ನನ್ನ ತಲೆಯ ಮೇಲಿತ್ತು. ನಾನು ಕಪ್ ಕೆಳಗಿಟ್ಟು ಹೇಳಿದೆ: ‘ಇದನ್ನೆಲ್ಲ ಒಂದು ಇಮೇಲ್‌ನಲ್ಲಿ ಬರೆದು ನಿಮ್ಮ ಲೀಗಲ್ ಡಿಪಾರ್ಟ್‌ಮೆಂಟಿಗೆ ಕಳಿಸಿ. ಅವರು ನಮಗೆ ಕಳಿಸ್ತಾರೆ. ನೋಡಿ ಹೇಳ್ತೀವಿ.’ ಅವರು ‘ಆತ್ರಿ’ ಎಂದರು. ಇನ್ನೇನೋ ಹೇಳಲಿಕ್ಕಿತ್ತು ಎಂಬಂತೆ ಒಂದು ಕ್ಷಣ ನಿಂತರು. ನಾನು ಬ್ಯಾಗು ತೆಗೆದುಕೊಂಡು ಇಳಿದೆ.

ಇಮೇಲ್ ಬರಲಿಲ್ಲ. ನಾನೂ ಕೇಳಲಿಲ್ಲ. ದೊಡ್ಡ ಫರ್ಮುಗಳಲ್ಲಿ ಸಮಯವನ್ನು ಆರಾರು ನಿಮಿಷದ ತುಂಡುಗಳಾಗಿ ಟೈಮ್‌ಶೀಟಿನಲ್ಲಿ ಬರೆಯುತ್ತೇವೆ. ಆ ತುಂಡುಗಳ ಮೇಲೇ ಬಿಲ್ಲು. ಆ ದಿನದ ನನ್ನ ಟೈಮ್‌ಶೀಟಿನಲ್ಲಿ ಪ್ರಯಾಣ ಇತ್ತು, ತಯಾರಿ ಇತ್ತು, ಉಪನ್ಯಾಸ ಇತ್ತು. ಚಹಾದ ಹೊತ್ತಿನ ಮಾತು ಇರಲಿಲ್ಲ. ವಾರದೊಳಗೆ ಕಕ್ಷಿದಾರರಿಗೆ ವರದಿ ಹೋಯಿತು. ಅದರಲ್ಲಿ ಒಂದೊಂದು ಶಾಖೆಗೂ ಅಪಾಯದ ಮಟ್ಟ ತೋರಿಸುವ ಕೋಷ್ಟಕ: ಕೆಂಪು, ಹಳದಿ, ಹಸಿರು. ಆ ಹಿರಿಯರ ಶಾಖೆಯ ಎದುರಿನ ಚೌಕಕ್ಕೆ ನಾನೇ ಹಸಿರು ತುಂಬಿದೆ. ಸಿಬ್ಬಂದಿಗೆ ವಿಷಯದಲ್ಲಿ ಆಸಕ್ತಿ ಇದೆ, ಒಳ್ಳೆಯ ಪ್ರಶ್ನೆಗಳನ್ನು ಕೇಳಿದರು ಎಂದು ಒಂದು ಸಾಲೂ ಸೇರಿಸಿದೆ.

ಆಮೇಲೆ ಬಹಳ ಕಾಲ ಏನೂ ಆಗಲಿಲ್ಲ. ಒಂದು ದಿನ ಆಯೋಗದ ತನಿಖಾ ವಿಭಾಗವಾದ ಮಹಾನಿರ್ದೇಶಕರ ಕಚೇರಿಯಿಂದ ಆ ಕಂಪನಿಗೆ ನೋಟಿಸು ಬಂತು. ನೋಟಿಸಿನ ಪ್ರಶ್ನೆಗಳನ್ನು ಓದಿದರೆ ತನಿಖೆ ಎಲ್ಲಿಯವರೆಗೆ ಬಂದಿದೆ ಎಂದು ಈ ಕೆಲಸ ಮಾಡುವವರಿಗೆ ಅಂದಾಜು ಸಿಗುತ್ತದೆ. ಸುಮ್ಮನೆ ಅನುಮಾನದ ಮೇಲೆ ಕೇಳಿದ ಪ್ರಶ್ನೆಗಳು ಅಗಲವಾಗಿರುತ್ತವೆ. ಇವು ಅಗಲವಾಗಿರಲಿಲ್ಲ. ಇಂಥ ತಾರೀಖು, ಇಂಥ ಹೋಟೆಲು, ಆ ಸಂಜೆ ಊಟಕ್ಕೆ ನಿಮ್ಮ ಕಡೆಯಿಂದ ಯಾರು ಹೋಗಿದ್ದರು ಎಂದು ಕೇಳಿದ್ದರು. ಒಳಗಿದ್ದವರು ಯಾರೋ ಮೊದಲೇ ಹೋಗಿ ಹೇಳಿದ್ದಾರೆ ಎಂಬುದು ನಮ್ಮ ಫರ್ಮಿನ ಪಾರ್ಟ್ನರ್ ಆ ಪುಟ ಓದಿದ ಕೂಡಲೇ ಗೊತ್ತಾಯಿತು. ಆವತ್ತೇ ನಾವೂ ಕಕ್ಷಿದಾರರ ಪರವಾಗಿ ಸರದಿಗೆ ನಿಂತೆವು. ಮೊದಲ ಜಾಗ ಹೋಗಿಯಾಗಿತ್ತು.

ಮೊದಲ ಜಾಗದ ಬೆಲೆ ಎಷ್ಟು ಎಂಬುದು ಇಡೀ ದೇಶಕ್ಕೆ ತಿಳಿದದ್ದು ಬಿಯರ್ ಪ್ರಕರಣದಲ್ಲಿ. 2021ರ ಸೆಪ್ಟೆಂಬರಿನಲ್ಲಿ ಆಯೋಗ ಬಿಯರ್ ಕಂಪನಿಗಳ ಕಾರ್ಟೆಲ್ ಬಗ್ಗೆ ಆದೇಶ ಕೊಟ್ಟಿತು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್ ಇಂಡಿಯಾಕ್ಕೆ ಸುಮಾರು 121 ಕೋಟಿ ದಂಡ ಬಿತ್ತು. ಅದೇ ಕಾರ್ಟೆಲ್‌ನಲ್ಲಿದ್ದ ಸ್ಯಾಬ್‌ಮಿಲ್ಲರ್ ಕಂಪನಿಯನ್ನು ಕೊಂಡಿದ್ದ ಎಬಿ ಇನ್‌ಬೆವ್, ಕೊಂಡ ಮೇಲೆ ವಿಷಯ ತಿಳಿದು, ಮೊದಲು ಹೋಗಿ ಹೇಳಿತ್ತು. ಅದಕ್ಕೆ ಪೂರ್ತಿ ಮಾಫಿಯಾಯಿತು. ಆಮೇಲೆ ಬಂದ ಉಳಿದ ಇಬ್ಬರಿಗೂ ರಿಯಾಯಿತಿ ಸಿಕ್ಕಿತ್ತು. ಅದನ್ನು ಕಳೆದ ಮೇಲೂ ಉಳಿದ ಮೊತ್ತ ಅಷ್ಟು. ನಮ್ಮ ಪ್ರಕರಣ ಅಷ್ಟು ದೊಡ್ಡದಲ್ಲ. ಲೆಕ್ಕ ಮಾತ್ರ ಅದೇ.

ಲೀನಿಯೆನ್ಸಿ ಅರ್ಜಿ ಬರೆಯಬೇಕೆಂದರೆ ಕಂಪನಿಯ ಒಳಗೆ ನಡೆದದ್ದೆಲ್ಲ ವಕೀಲರಿಗೆ ಗೊತ್ತಾಗಬೇಕು. ಸಂಬಂಧಪಟ್ಟವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳುತ್ತೇವೆ. ಆ ಹಿರಿಯರನ್ನು ದೆಹಲಿಗೆ ಕರೆಸಿದರು. ಮೇಜಿನ ಒಂದು ಕಡೆ ಪಾರ್ಟ್ನರ್, ನಾನು, ಟಿಪ್ಪಣಿ ಬರೆಯಲು ಒಬ್ಬ ಕಿರಿಯ ಅಸೋಸಿಯೇಟ್. ಇನ್ನೊಂದು ಕಡೆ ಅವರೊಬ್ಬರೇ. ಪಾರ್ಟ್ನರ್‌ಗೆ ಕನ್ನಡ ಬಾರದು. ಆ ಹಿರಿಯರಿಗೆ ಇಂಗ್ಲಿಷು ಕೇಳಿದರೆ ತಕ್ಕಮಟ್ಟಿಗೆ ತಿಳಿಯುತ್ತಿತ್ತು, ಆಡಲು ಹಿಂಜರಿಕೆ. ಆದ್ದರಿಂದ ಮಾತು ದಾಟಿಸುವ ಕೆಲಸ ನನ್ನದಾಯಿತು. ಮೊದಲಿಗೆ ಹೇಳಲೇಬೇಕಾದ ಮಾತೊಂದಿದೆ: ನಾವು ಕಂಪನಿಯ ವಕೀಲರು, ನಿಮ್ಮ ವಕೀಲರಲ್ಲ, ನೀವು ಹೇಳಿದ್ದನ್ನು ಆಯೋಗಕ್ಕೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಕಂಪನಿ. ಅದನ್ನು ಕನ್ನಡದಲ್ಲಿ ಅವರ ಮುಖ ನೋಡುತ್ತಾ ಹೇಳಿದೆ. ಅವರು ತಲೆಯಾಡಿಸಿದರು.

ಊಟದ ಕೂಟಗಳ ಬಗ್ಗೆ ಕೇಳಿದೆವು. ಎಲ್ಲವನ್ನೂ ಹೇಳಿದರು. ಯಾರು ಕರೆಯುತ್ತಿದ್ದರು, ಬಿಲ್ಲು ಯಾರು ಕೊಡುತ್ತಿದ್ದರು, ಗಾಳಿಯ ಮಾತು ಯಾರು ಎತ್ತುತ್ತಿದ್ದರು, ಮರುದಿನ ದರದ ಪಟ್ಟಿ ಹೇಗೆ ಬದಲಾಗುತ್ತಿತ್ತು. ಇದನ್ನು ಮೊದಲೇ ಯಾರಿಗಾದರೂ ತಿಳಿಸಿದ್ದಿರಾ ಎಂಬುದು ಪಾರ್ಟ್ನರ್ ಕೇಳಿದ ಮುಂದಿನ ಪ್ರಶ್ನೆ. ಇಂಥ ಸಂದರ್ಶನದಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ನಾನು ಅದನ್ನು ಕನ್ನಡದಲ್ಲಿ ಕೇಳಿದೆ.

ಅವರು ನನ್ನನ್ನೇ ನೋಡಿ ಹೇಳಿದರು: ‘ನಿಮಗ ಹೇಳಿದ್ನೆಲ್ರಿ ಸಾಹೇಬ್ರ, ಅವತ್ತ ಚಾ ಕುಡಿಯೂ ಮುಂದ. ನೀವು ಬರದ ಕಳಸ್ರಿ ಅಂದ್ರಿ. ನಾ ಏನಂತ ಬರೀಲ್ರಿ?’

ಪಾರ್ಟ್ನರ್ ನನ್ನ ಕಡೆ ತಿರುಗಿದರು. ಕಿರಿಯ ಅಸೋಸಿಯೇಟ್ ಪೆನ್ನು ಹಿಡಿದು ಕಾಯುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಇವರು ಲಿಖಿತವಾಗಿ ಯಾರಿಗೂ ತಿಳಿಸಿಲ್ಲವಂತೆ. ಏನು ಬರೆಯಬೇಕೆಂದು ಇವರಿಗೆ ಗೊತ್ತಾಗಲಿಲ್ಲವಂತೆ.

ಎರಡು ವಾಕ್ಯಗಳು. ಎರಡೂ ಸುಳ್ಳಲ್ಲ. ನನ್ನ ಹೆಸರು ಇದ್ದ ಭಾಗವಷ್ಟೇ ಬಿಟ್ಟುಹೋಗಿತ್ತು. ಅವರಿಗೆ ಇಂಗ್ಲಿಷು ತಿಳಿಯುತ್ತಿತ್ತು ಎಂದೆನಲ್ಲ. ನಾನು ಬಿಟ್ಟದ್ದು ಅವರಿಗೆ ಗೊತ್ತಾಯಿತು. ಅವರು ತಿದ್ದಲಿಲ್ಲ, ದನಿ ಏರಿಸಲಿಲ್ಲ. ಮುಂದಿನ ಪ್ರಶ್ನೆಗಳಿಗೂ ಮೊದಲಿನ ಹಾಗೇ ಉತ್ತರ ಕೊಟ್ಟರು. ಆದರೆ ಆಮೇಲೆ ಅವರು ನನ್ನನ್ನು ನೋಡಿ ಮಾತಾಡಲಿಲ್ಲ. ತಮಗೆ ಆಡಲು ಬಾರದ ಭಾಷೆಯಲ್ಲಿ ಕೇಳುತ್ತಿದ್ದ ಪಾರ್ಟ್ನರ್ ಕಡೆಗೇ ನೋಡುತ್ತಾ ಹೇಳಿದರು. ಆ ಒಂದು ಗಂಟೆಯಲ್ಲಿ ನನಗಾದಷ್ಟು ನಾಚಿಕೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ. ಮುಖ ಬಿಸಿಯಾಗಿತ್ತು. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು. ಒಬ್ಬ ಮನುಷ್ಯ ತನ್ನ ನೌಕರಿ, ಮರ್ಯಾದೆ ಎರಡನ್ನೂ ಮೇಜಿನ ಮೇಲಿಟ್ಟು ನಿಜ ಹೇಳುತ್ತಿದ್ದ. ಕಾನೂನು ಓದಿದ ನಾನು ಅವನ ಮಾತನ್ನು ಕತ್ತರಿಸಿ ಕೊಡುತ್ತಿದ್ದೆ.

ಆ ರಾತ್ರಿ ಪಾರ್ಟ್ನರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಚಹಾದ ಮಾತು, ನನ್ನ ಉತ್ತರ, ಹಸಿರು ಚೌಕ, ಆ ಮಧ್ಯಾಹ್ನ ನಾನು ಬಿಟ್ಟ ವಾಕ್ಯ. ಅವರು ಬೈಯಲಿಲ್ಲ. ‘ಅವತ್ತಿನ ಟಿಪ್ಪಣಿ ಏನಾದರೂ ಇದೆಯಾ?’ ಎಂದು ಕೇಳಿದರು. ಇಲ್ಲ ಎಂದೆ. ಸಂದರ್ಶನ ಮತ್ತೆ ನಡೆಯಬೇಕು, ದುಭಾಷಿ ಬೇರೆಯವರಿರಬೇಕು ಎಂದರು. ನೀವು ಈ ಪ್ರಕರಣದಿಂದ ಹೊರಗಿರಬೇಕು ಎಂದರು. ಸಾಕ್ಷಿಯಾಗಬಹುದಾದ ಪ್ರಕರಣದಲ್ಲಿ ವಕೀಲ ವಕೀಲನಾಗಿ ಮುಂದುವರಿಯಬಾರದು ಎಂಬುದು ಬಾರ್ ಕೌನ್ಸಿಲಿನ ನಿಯಮ. ಆ ನಿಯಮ ನನ್ನ ಮೇಲೆ ಬರುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಕೊನೆಗೆ, ‘ಕಕ್ಷಿದಾರರಿಗೆ ಇದನ್ನು ನೀವೇ ಹೇಳಬೇಕು’ ಎಂದರು.

ಮರುದಿನ ಕಂಪನಿಯ ಜನರಲ್ ಕೌನ್ಸೆಲ್ ಮುಂದೆ ಕೂತೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಹೇಳಿದರು: ‘ನಿಮ್ಮ ವರದಿಯ ಆ ಹಸಿರು ಪುಟವನ್ನು ನಾನು ನಮ್ಮ ಬೋರ್ಡಿನ ಮುಂದೆ ಇಟ್ಟಿದ್ದೆ.’ ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಕಾಗದ ನಂಬಿ ಅವರು ತಮ್ಮ ಮೇಲಿನವರಿಗೆ ಮಾತು ಕೊಟ್ಟಿದ್ದರು.

ಪ್ರಕರಣ ಮುಗಿದಾಗ ಕಂಪನಿಗೆ ದಂಡ ಬಿತ್ತು. ತಡವಾಗಿ ಬಂದರೂ ಸಹಕರಿಸಿದ್ದಕ್ಕೆ ಸ್ವಲ್ಪ ರಿಯಾಯಿತಿ ಸಿಕ್ಕಿತು. ಈ ಕಾನೂನಿನಲ್ಲಿ ಕಂಪನಿಯ ಜೊತೆ ಹೊಣೆಗಾರರಾದ ನೌಕರರಿಗೂ ಅವರ ವರಮಾನದ ಮೇಲೆ ದಂಡ ಹಾಕಬಹುದು. ಆ ಹಿರಿಯರ ಹೆಸರೂ ಆದೇಶದಲ್ಲಿ ಬಂತು. ಆದೇಶಗಳು ಬಹಿರಂಗ. ಯಾರು ಬೇಕಾದರೂ ಓದಬಹುದು. ಕೂಟ ಕಟ್ಟಿದವರು ಅವರಲ್ಲ; ಮೇಲಿನವರು ಹೋಗು ಅಂದಲ್ಲಿಗೆ ಹೋಗಿ ಕೂತವರು. ಅದು ತಪ್ಪೇ ಎಂದು ಯಾರನ್ನಾದರೂ ಕೇಳಬೇಕು ಅಂತ ಆ ಹಾಲಿನಲ್ಲಿ ಅನ್ನಿಸಿದ್ದು ಅವರೊಬ್ಬರಿಗೇ.

ಇದಾದ ಮೇಲೆ ಬಹಳ ದಿನ ನಾನು ನನಗೇ ಕಾರಣಗಳನ್ನು ಕೊಟ್ಟುಕೊಂಡೆ. ವಿಮಾನದ ಹೊತ್ತಾಗಿತ್ತು. ಟ್ರೈನಿಂಗ್‌ಗೆ ಬಂದವನು ತನಿಖೆಗೆ ಬಂದವನಲ್ಲ. ದೊಡ್ಡ ಫರ್ಮಿನಲ್ಲಿ ಬೆಳೆದವರಿಗೆ ಸಂಗತಿ ಎಂದರೆ ಕಾಗದ. ಸಾವಿರಾರು ಇಮೇಲುಗಳನ್ನು ಸೋಸುತ್ತೇವೆ, ಅರ್ಥಶಾಸ್ತ್ರಜ್ಞರಿಂದ ದರದ ನಕ್ಷೆ ಹಾಕಿಸುತ್ತೇವೆ, ಚಹಾದ ಮಾತಿಗೆ ಅಲ್ಲಿ ಕಡತವಿಲ್ಲ. ಇವೆಲ್ಲ ನಿಜವೇ. ಹಾಗಿದ್ದೂ ಇವು ಯಾವುವೂ ಪೂರ್ತಿ ಕಾರಣವಲ್ಲ ಎಂಬುದು ತಡವಾಗಿ ಒಪ್ಪಿಕೊಂಡ ವಿಷಯ.

ನಾನು ತಿಪಟೂರಿನ ಕಡೆಯವನು. ಕೊಬ್ಬರಿ ಮಂಡಿಯ ಮಾತು ಕೇಳುತ್ತಾ ಬೆಳೆದವನು. ದನದ ಜಾತ್ರೆಯಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು, ಒಂದು ಮಾತೂ ಆಡದೆ ಎತ್ತಿನ ಬೆಲೆ ಕುದುರುವುದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದವನು. ‘ಗಾಳಿ ಮ್ಯಾಲ ಐತಿ’ ಎಂದರೆ ಏನು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಕ್ಷಣದಲ್ಲೇ ಅರ್ಥವಾಗಿತ್ತು. ಅರ್ಥವಾದದ್ದಕ್ಕೇ ಬರೆದು ಕಳಿಸಿ ಎಂದೆ. ಅಂಥ ಮಾತನ್ನು ಯಾವ ನೌಕರನೂ ಕಂಪನಿಯ ಇಮೇಲಿನಲ್ಲಿ ಬರೆಯುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಕೇಳಿಸಿಕೊಂಡಿದ್ದರೆ ಅದು ನನ್ನ ಹೊಣೆಯಾಗುತ್ತಿತ್ತು. ಆ ರಾತ್ರಿಯೇ ಪಾರ್ಟ್ನರನ್ನು ಎಬ್ಬಿಸಬೇಕಿತ್ತು. ನಮ್ಮದೆಲ್ಲ ಸರಿ ಇದೆ ಎಂದು ಕಾಗದದಲ್ಲಿ ತೋರಿಸಿಕೊಳ್ಳಲು ಟ್ರೈನಿಂಗ್ ಕರೆಸಿದ್ದ ಕಂಪನಿಗೆ, ಸರಿ ಇಲ್ಲ ಎಂದು ಹೇಳಬೇಕಿತ್ತು. ಒಳ್ಳೆಯ ಕಕ್ಷಿದಾರರಿಗೆ ಕೆಟ್ಟ ಸುದ್ದಿ ಒಯ್ಯುವವನಾಗಲು ನನಗೆ ಮನಸ್ಸಿರಲಿಲ್ಲ. ಬರವಣಿಗೆ ಕೇಳಿದ್ದು ಬಾಗಿಲು ಹಾಕುವ ಸಭ್ಯವಾದ ವಿಧಾನ.

ಬರೆದಿಡದ ಮಾತೂ ಒಪ್ಪಂದವೇ ಎಂದು ಅವತ್ತು ಹಾಲಿನಲ್ಲಿ ನಾನೇ ಹೇಳಿದ್ದೆ. ಅದನ್ನು ನಂಬಿ ಅವರು ಬಂದಿದ್ದರು. ಬಾಯಿಮಾತಿಗೆ ಕಾನೂನು ಕೊಟ್ಟ ಬೆಲೆಯನ್ನು, ಕಾನೂನು ಹೇಳಿಕೊಡಲು ಹೋದವನು ಕೊಡಲಿಲ್ಲ.

ಈಗ ನನ್ನ ಟ್ರೈನಿಂಗ್ ಬೇರೆ ಥರ ನಡೆಯುತ್ತದೆ. ಕರ್ನಾಟಕದಲ್ಲಾದರೆ ಪೂರ್ತಿ ಕನ್ನಡದಲ್ಲಿ. ಬೇರೆ ರಾಜ್ಯಗಳಿಗೆ ಅಲ್ಲಿಯ ಭಾಷೆ ಬಲ್ಲ ಸಹೋದ್ಯೋಗಿಗಳು ಹೋಗುತ್ತಾರೆ. ಮೇಲಧಿಕಾರಿಗಳನ್ನು ಬೇರೆ ಕೂರಿಸುತ್ತೇವೆ. ಉಪನ್ಯಾಸ ಅರ್ಧ ಹೊತ್ತು. ಉಳಿದರ್ಧ ಹೊತ್ತು ಯಾರು ಬೇಕಾದರೂ ಒಬ್ಬೊಬ್ಬರೇ ಬಂದು ಮಾತಾಡಬಹುದು. ಆ ರಾತ್ರಿ ಅಲ್ಲೇ ಉಳಿಯುತ್ತೇನೆ. ಯಾಕೆಂದರೆ ಹೇಳಬೇಕಾದವರು ಎಲ್ಲರೂ ಹೋದ ಮೇಲೆ ಫೋನ್ ಮಾಡುತ್ತಾರೆ. ಕೇಳಿದ್ದನ್ನು ಆ ದಿನವೇ, ಅವರ ಮಾತಿನಲ್ಲೇ, ತಿದ್ದದೆ ಬರೆದಿಡುತ್ತೇನೆ. ಕಾರ್ಟೆಲ್‌ನ ವಾಸನೆ ಇದ್ದರೆ ಪಾರ್ಟ್ನರ್‌ಗೆ ಆಗಲೇ ಕರೆ ಹೋಗುತ್ತದೆ. ಬಂದು ಹೇಳಿದವರಿಗೆ ನಾವು ಅವರ ವಕೀಲರಲ್ಲ ಎಂಬ ಮಾತನ್ನು ಮೊದಲಿಗೇ ಹೇಳುತ್ತೇನೆ, ಬೇಕಾದರೆ ಸ್ವಂತ ವಕೀಲರನ್ನು ಕಾಣಿ ಎಂದೂ ಹೇಳುತ್ತೇನೆ. ಹೇಳಿದವರಿಗೆ ತೊಂದರೆ ಮಾಡಬಾರದು ಎಂದು ಕಂಪನಿಯಿಂದ ಮೊದಲೇ ಬರೆಸಿಕೊಳ್ಳುತ್ತೇನೆ. ಈ ಕ್ರಮದಿಂದ ಒಂದಿಬ್ಬರು ಕಕ್ಷಿದಾರರು ಬೇಸರಗೊಂಡದ್ದೂ ಉಂಟು. ಟ್ರೈನಿಂಗ್ ಎಂದು ಕರೆದರೆ ತನಿಖೆ ಮಾಡುತ್ತೀರಲ್ಲ ಎಂದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಕ್ರಮ ಬದಲಿಸಿಲ್ಲ.

ಆ ಹಿರಿಯರಿಗೆ ಪ್ರಕರಣ ಮುಗಿದ ಮೇಲೆ, ಪಾರ್ಟ್ನರ್ ಅನುಮತಿ ಪಡೆದು, ಒಂದು ಕಾಗದ ಬರೆದೆ. ಕನ್ನಡದಲ್ಲಿ ಬರೆದೆ. ಅವತ್ತು ನೀವು ಸರಿಯಾದ ಪ್ರ‍ಶ್ನೆ ಕೇಳಿದ್ದಿರಿ, ಕೇಳಿಸಿಕೊಳ್ಳುವುದು ನನ್ನ ಕೆಲಸವಾಗಿತ್ತು, ಮಾಡಲಿಲ್ಲ, ನಿಮ್ಮ ಮಾತನ್ನು ನಿಮ್ಮ ಎದುರಿಗೇ ಕತ್ತರಿಸಿದೆ, ಕ್ಷಮಿಸಿ ಎಂದು. ಉತ್ತರ ಬರಲಿಲ್ಲ. ಬರಬೇಕೆಂದು ನಾನು ಕಾಯುವುದೂ ಸರಿಯಲ್ಲ. ಕ್ಷಮಿಸುವ ಹೊರೆಯನ್ನೂ ಅವರ ಮೇಲೆ ಹಾಕಬಾರದು.

ಕಲಿತೆ ಎಂದು ಹೇಳಿದರೆ ಎಲ್ಲ ಸರಿಹೋಯಿತು ಎಂಬ ಅರ್ಥ ಬಂದೀತು. ಹಾಗಿಲ್ಲ. ಈಗಲೂ ಯಾರಾದರೂ ದನಿ ತಗ್ಗಿಸಿ ‘ಸರ್, ಒಂದ್ ನಿಮಿಷ’ ಎಂದರೆ ಮೊದಲು ನನ್ನಲ್ಲಿ ಏಳುವುದು ಕುತೂಹಲವಲ್ಲ, ಅಳುಕು. ಇವರು ಏನು ಹೇಳುತ್ತಾರೋ, ಅದರಿಂದ ನನ್ನ ತಲೆಗೆ ಏನು ಬರುತ್ತದೋ ಎಂಬ ಅಳುಕು. ಅದು ಹೋಗಿಲ್ಲ, ಹೋಗುತ್ತದೆ ಎಂದೂ ಅನ್ನಿಸುವುದಿಲ್ಲ. ಆ ಅಳುಕು ಬಂತೆಂದರೆ ಎದುರಿನವರು ಮುಖ್ಯವಾದದ್ದನ್ನು ಹೇಳಲು ಬಂದಿದ್ದಾರೆ ಎಂದು ತಿಳಿದು, ಕುರ್ಚಿ ಎಳೆದು ಕೂರುತ್ತೇನೆ, ಅವರನ್ನೂ ಕೂರಿಸುತ್ತೇನೆ. ನನ್ನ ಕೈಲಾದದ್ದು ಇಷ್ಟು.